ವೇದಾವತಿ ತೀರದಲ್ಲಿ ವಿಹಾರ, ದಾರಿ ಮತ್ತು ಪೇಟೆ: ಶ್ರೀರಾಂಪುರದ ಕಡೆಯಿಂದ ಒಂದು ಅಧ್ಯಯನ

2022ನೇ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ವಾಣಿವಿಲಾಸ ಸಾಗರದ ಕೋಡಿ ಹರಿಯಿತು. ಅದಕ್ಕೆ ಹಿಂದೆ ಅದು ಹರಿದಿದ್ದುದು 1933ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷಗಳಲ್ಲಿ ಮೂರು ತಲೆಮಾರುಗಳು ಹುಟ್ಟಿ ಬೆಳೆದು, ಕೋಡಿಯೆಂಬುದನ್ನು ಅಜ್ಜಂದಿರ ಮಾತಿನಲ್ಲಿ ಮಾತ್ರ ಕೇಳಿದ್ದವು. ಆ ದಿನಗಳಲ್ಲಿ ಮಾರಿಕಣಿವೆಯ ಕಡೆಗೆ ಹರಿದ ಜನಪ್ರವಾಹವನ್ನು ಕಂಡವರಲ್ಲಿ ಈ ಲೇಖಕನೂ ಒಬ್ಬ. ರಸ್ತೆಯ ಎರಡೂ ಬದಿ ವಾಹನಗಳು ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಳನೀರು ಮಾರುವವರ ಗಾಡಿಗಳು ಬರಿದಾಗಿದ್ದವು. ಹೆಂಗಸರಿಗೆ ಶೌಚಾಲಯವಿರಲಿ, ಕುಳಿತುಕೊಳ್ಳಲು ಒಂದು ಕಟ್ಟೆಯೂ ಸಿಗುತ್ತಿರಲಿಲ್ಲ. ನೋಡಲು ಬಂದವರು ನೀರನ್ನು ನೋಡಿ, ಒಂದು ಎಳನೀರಿನ ಹಣವನ್ನು ಮಾತ್ರ ಈ ನೆಲದಲ್ಲಿ ಬಿಟ್ಟು ಹಿಂದಿರುಗಿದರು.

2025ರ ಜನವರಿಯಲ್ಲಿ ಕೋಡಿ ಮತ್ತೆ ಹರಿಯಿತು. ಅಂದಿನಿಂದ ಈ ಭಾಗದ ವರ್ತಕರ ಸಭೆಗಳಲ್ಲೆಲ್ಲ ಒಂದೇ ಪ್ರಶ್ನೆ: ವೇದಾವತಿಯ ತೀರವನ್ನು ವಿಹಾರಸ್ಥಳವಾಗಿ ಬೆಳೆಸುವುದು ಯಾವಾಗ, ದೋಣಿ ಬಿಡುವುದು ಯಾವಾಗ? ಪ್ರಶ್ನೆ ನ್ಯಾಯವಾದುದೇ. ಆದರೆ ದೋಣಿಯಿಂದ ಪ್ರಾರಂಭಿಸುವ ಯೋಜನೆಯು ಬಹುಮಟ್ಟಿಗೆ ದೋಣಿಯೊಡನೆಯೇ ಮುಳುಗುವುದುಂಟು. ನದಿತೀರದ ಯೋಜನೆಯನ್ನು ಯಾವ ತುದಿಯಿಂದ ಕೈಗೆತ್ತಿಕೊಳ್ಳಬೇಕು, ಅದರಲ್ಲಿ ಶ್ರೀರಾಂಪುರದಂತಹ, ದಡದಲ್ಲಿ ಇಲ್ಲದ ಪೇಟೆಗೆ ಪಾಲು ದೊರೆಯುವ ಬಗೆ ಹೇಗೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದೇ ನದಿ, ಮೂರು ಸ್ವಭಾವ

ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕಡೂರಿನ ಸಮೀಪ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕನ್ನು ಹಾಯ್ದು, ಮಾರಿಕಣಿವೆಯಲ್ಲಿ ಕಟ್ಟೆಗೆ ನಿಂತು, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ದಾಟಿ ಆಂಧ್ರದ ಗಡಿ ಹೊಕ್ಕು, ಬಳ್ಳಾರಿಯ ಕಡೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಶ್ರೀರಾಂಪುರ ಹೋಬಳಿಯ ಹಳ್ಳಕೊಳ್ಳಗಳೂ ಈ ಜಲಾನಯನಕ್ಕೇ ಸೇರಿದವು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಉಚಿತ. ವೇದಾವತಿಯು ನೌಕಾಯಾನಕ್ಕೆ ಯೋಗ್ಯವಾದ ನದಿಯಲ್ಲ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆಯು ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ನಮ್ಮ ರಾಜ್ಯದ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ಕಬಿನಿ, ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ ನದಿಗಳು ಆ ಪಟ್ಟಿಯಲ್ಲಿವೆ, ವೇದಾವತಿ ಇಲ್ಲ. ಇಲ್ಲದಿರುವುದೇ ಸರಿ. ಹೊಸದುರ್ಗದ ಮೇಲೆ ಅದು ಮಳೆಗಾಲದ ಹೊಳೆ; ಬೇಸಿಗೆಯಲ್ಲಿ ಮರಳು, ಜಾಲಿ ಮತ್ತು ಅಲ್ಲಲ್ಲಿ ನಿಂತ ಮಡುಗಳು. ಕಟ್ಟೆಯ ಕೆಳಗೆ, ಹಿರಿಯೂರಿನತ್ತ, ಅದು ನಾಲೆಯ ಬಸಿನೀರನ್ನೂ ಊರಿನ ಚರಂಡಿಯನ್ನೂ ಹೊತ್ತು ಸಾಗುವ ನದಿ. ಇವೆರಡರ ನಡುವೆ, ತುಂಬಿದಾಗ ಸುಮಾರು ಎಂಬತ್ತು ಚದರ ಕಿಲೋಮೀಟರ್ ಹರಡಿಕೊಳ್ಳುವ ಜಲಾಶಯ ಒಂದಿದೆ. ದೋಣಿ ಸಾಗಬಲ್ಲ ಭಾಗ ಇದೊಂದೇ. ಆದುದರಿಂದ ನದಿಪಟ್ಟಿ ಎಂದು ನಾವು ಕರೆಯುವುದನ್ನು ಮೂರು ತುಂಡುಗಳಾಗಿ ನೋಡದೆ ಒಂದೇ ನಕ್ಷೆಯಲ್ಲಿ ಒಂದೇ ಬಣ್ಣ ಬಳಿದರೆ, ಮೇಲ್ಭಾಗಕ್ಕೆ ಬೇಕಾದುದು ಕೆಳಗೂ, ಕೆಳಭಾಗಕ್ಕೆ ಬೇಕಾದುದು ಮೇಲೂ ಹೋಗಿ ಹಣ ವ್ಯರ್ಥವಾಗುವುದು.

ಕಟ್ಟೆಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. 1898ರಲ್ಲಿ ಕೆಲಸ ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ಮೈಸೂರಿನ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು. ಜನರ ಬಾಯಲ್ಲಿ ಕಣಿವೆ ಮಾರಮ್ಮನ ಮಾರಿಕಣಿವೆಯೇ ಉಳಿಯಿತು. ಸಂಗ್ರಹ ಸಾಮರ್ಥ್ಯ 30 ಟಿಎಂಸಿಗೆ ಸ್ವಲ್ಪ ಮೇಲೆ, ಪೂರ್ಣ ಮಟ್ಟ 130 ಅಡಿ. ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಒಂದು ಗೋಡೆ ಕಟ್ಟಿ ಇಷ್ಟು ನೀರನ್ನು ಹಿಡಿದುದು ಆ ಕಾಲದ ದೊಡ್ಡ ಸಾಹಸ. ನೋಡತಕ್ಕ ಮೊದಲ ವಸ್ತು ಆ ಗೋಡೆಯೇ. ಅದರ ಪಕ್ಕದಲ್ಲಿ ಸಿಮೆಂಟಿನ ಜಿಂಕೆ, ಆನೆಗಳನ್ನು ನಿಲ್ಲಿಸುವ ಅಗತ್ಯವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ನೀರಿನ ಗೆರೆ

ನದಿತೀರದ ಯಾವುದೇ ಯೋಜನೆಗೆ ಮೊದಲ ಪಾಠ ನೀರಿನ ಗೆರೆಯನ್ನು ಗುರುತಿಸುವುದು. ನದಿಗೆ ಒಂದು ಗೆರೆಯಲ್ಲ, ಮೂರು: ಬೇಸಿಗೆಯ ಗೆರೆ, ತುಂಬಿದ ಗೆರೆ, ನೆರೆಯ ಗೆರೆ. ಮೊದಲ ಎರಡರ ನಡುವೆ ಇರಬಹುದಾದುದು ಕಾಲುದಾರಿ, ಮೆಟ್ಟಿಲು, ಹುಲ್ಲುಗಾವಲು, ಕಿತ್ತು ಒಯ್ಯಬಹುದಾದ ಅಂಗಡಿ. ಎರಡನೆಯ ಮತ್ತು ಮೂರನೆಯದರ ನಡುವೆ ಮರಗಳು, ಆಟದ ಮೈದಾನ, ವಾಹನ ನಿಲುಗಡೆ. ಕಟ್ಟಡವೆಂಬುದು ಮೂರನೆಯ ಗೆರೆಯ ಆಚೆಗೆ. ಇಷ್ಟು ಸರಳವಾದ ನಿಯಮವನ್ನು ಮೀರಿದ ತಪ್ಪಿಗೇ ನದಿದಡದ ಹೋಟೆಲುಗಳಲ್ಲಿ ಬಹುಪಾಲು ಒಂದಲ್ಲ ಒಂದು ವರ್ಷ ನೀರಿನಲ್ಲಿ ನಿಲ್ಲುತ್ತವೆ.

ವಾಣಿವಿಲಾಸ ಸಾಗರದಲ್ಲಿ ಈ ಗೆರೆಯ ಪ್ರಶ್ನೆ ಇನ್ನಷ್ಟು ಬಿಕ್ಕಟ್ಟಿನದು. ಎಂಬತ್ತೊಂಬತ್ತು ವರ್ಷ ನೀರು ಬಾರದ ನೆಲವನ್ನು ನೆಲವೆಂದೇ ತಿಳಿಯುವುದು ಮನುಷ್ಯ ಸಹಜ. ನೀರು 130 ಅಡಿಗೆ ಏರಿದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಂಚಿನ ಹಳ್ಳಿಗಳಲ್ಲಿ ತೋಟಗಳಿಗೆ, ದಾರಿಗಳಿಗೆ ನೀರು ನುಗ್ಗಿತು. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂದು ಮೇಲಿನವರು ಕೇಳಿದರು. ಒಂದಂಗುಲವನ್ನೂ ತಗ್ಗಿಸಕೂಡದೆಂದು ಕೆಳಗಿನ ಹಿರಿಯೂರಿನ ಅಚ್ಚುಕಟ್ಟುದಾರರು ಪಟ್ಟು ಹಿಡಿದರು. ಎರಡು ಕಡೆಯವರೂ ರೈತರೇ, ಎರಡು ಕಡೆಯವರೂ ನಮ್ಮ ಗಿರಾಕಿಗಳೇ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. ಎಂಬತ್ತು ಚದರ ಕಿಲೋಮೀಟರ್ ಹರಡಿದ ನೀರಿನ ಮೇಲ್ಭಾಗದ ಒಂದು ಅಡಿಯೆಂದರೆ ಸುಮಾರು 2.4 ಕೋಟಿ ಘನ ಮೀಟರ್. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಅಂದರೆ ಕೊನೆಯ ಒಂದೊಂದು ಅಡಿಯೂ ಒಂದು ಟಿಎಂಸಿಗೆ ಸ್ವಲ್ಪವೇ ಕಡಿಮೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಈ ಜಲಾಶಯಕ್ಕೆ ಹಂಚಿಕೆಯಾದುದು 2 ಟಿಎಂಸಿ. ಬೆಟ್ಟ ಕೊರೆದು, ನೀರೆತ್ತಿ, ವರ್ಷಗಟ್ಟಲೆ ಕಾದು ಪಡೆದ ಆ ನೀರಿಗಿಂತ, ಕೋಡಿಯನ್ನು ಮೂರಡಿ ತಗ್ಗಿಸಿದರೆ ಕಳೆದುಕೊಳ್ಳುವ ನೀರು ಹೆಚ್ಚಾಗುವುದು. ಅದೇ ವೇಳೆ, ಆ ಮೂರಡಿ ನೀರು ಯಾರ ತೆಂಗಿನ ಬುಡದಲ್ಲಿ ನಿಲ್ಲುವುದೋ ಅವರಿಗೆ ಈ ಲೆಕ್ಕದಿಂದ ಸಮಾಧಾನವಾಗದು. ಪರಿಹಾರ, ಬದಲಿ ದಾರಿ, ಗಡಿಕಲ್ಲು ಇವು ಇತ್ಯರ್ಥವಾಗದೆ ಹಿನ್ನೀರಿನ ದಡದಲ್ಲಿ ವಿಹಾರಧಾಮದ ಶಂಕುಸ್ಥಾಪನೆ ಮಾಡುವುದೆಂದರೆ ವ್ಯಾಜ್ಯದ ಜಮೀನಿನಲ್ಲಿ ಮನೆ ಕಟ್ಟಿದಂತೆ. ಬ್ಯಾಂಕು ಸಾಲ ಕೊಡದು. ಕೊಟ್ಟರೂ ವಿಮೆ ದೊರೆಯದು.

ಇನ್ನೊಂದು ಅಂಶ. ಹಿನ್ನೀರಿನ ದಡ ಕಡಿದಾಗಿಲ್ಲ; ಹೊಲದಂತೆ ಇಳಿಜಾರಾಗಿದೆ. ನೂರು ಅಡಿಗೆ ಒಂದು ಅಡಿ ಇಳಿಯುವ ದಡವನ್ನು ಕಲ್ಪಿಸಿಕೊಳ್ಳಿ. ಜಲಾಶಯದ ಮಟ್ಟ 130ರಿಂದ 100 ಅಡಿಗೆ ಇಳಿದರೆ ನೀರಿನ ಅಂಚು ಮೂರು ಸಾವಿರ ಅಡಿ, ಅಂದರೆ ಸರಿಸುಮಾರು ಒಂಬೈನೂರು ಮೀಟರ್, ಹಿಂದಕ್ಕೆ ಸರಿಯುತ್ತದೆ. 2022ರಲ್ಲಿ ದಡದಲ್ಲಿ ಕಟ್ಟಿದ ದೋಣಿಕಟ್ಟೆ ಬರಗಾಲದ ವರ್ಷದಲ್ಲಿ ನೀರಿನಿಂದ ಅರ್ಧ ಮೈಲಿಗೆ ಕಡಿಮೆಯಿಲ್ಲದ ನಡಿಗೆಯ ದೂರದಲ್ಲಿ ಒಣಗಿ ನಿಂತೀತು. 2010ರ ದಶಕದ ಕೊನೆಯಲ್ಲಿ ಇದೇ ಜಲಾಶಯವು ಬಳಸಲಾಗದ ತಳಮಟ್ಟದ ಹತ್ತಿರಕ್ಕೆ ಇಳಿದಿತ್ತೆಂಬುದನ್ನು ಮರೆಯಲಾಗದು. ಆದ್ದರಿಂದ ಇಲ್ಲಿ ಬೇಕಾದುದು ನೀರಿನೊಡನೆ ಏರಿ ಇಳಿಯುವ ತೇಲುಕಟ್ಟೆ, ಅಥವಾ ಕಟ್ಟೆಯ ಗೋಡೆಯ ಸಮೀಪದ ಆಳದ ಭಾಗದಲ್ಲಿ ಮಾತ್ರ ದೋಣಿವಿಹಾರ. ಹಿನ್ನೀರಿನ ಹೊಸದುರ್ಗದ ಕಡೆಗೆ ಪಕ್ಷಿವೀಕ್ಷಣೆ, ನಡಿಗೆ, ಸೈಕಲ್ ದಾರಿ, ತೋಟದ ತಂಗುಮನೆ ಮುಂತಾದ, ನೀರು ಹಿಂದೆ ಸರಿದರೂ ಸಾಯದ ಉದ್ಯೋಗಗಳು ಹೊಂದುತ್ತವೆ.

ದೋಣಿಯ ಲೆಕ್ಕ

ಸದಸ್ಯರಲ್ಲಿ ಹಲವರು ದೋಣಿಯನ್ನು ಲಾಭದ ಗಣಿಯೆಂದು ಭಾವಿಸಿದ್ದಾರೆ. ಉದಾಹರಣೆಗಾಗಿ ಒಂದು ಅಂದಾಜನ್ನು ಇಟ್ಟುಕೊಳ್ಳೋಣ. ಅಂಕಿಗಳು ಕಲ್ಪಿತ, ಕ್ರಮ ಮುಖ್ಯ. ಇಪ್ಪತ್ತು ಆಸನಗಳ ಒಂದು ಯಂತ್ರದೋಣಿ. ವರ್ಷಕ್ಕೆ 150 ದಿನ ಓಡುತ್ತದೆ. ದಿನಕ್ಕೆ ಆರು ಸುತ್ತು. ಸರಾಸರಿ ಅರ್ಧ ಆಸನಗಳು ಭರ್ತಿ. ಒಟ್ಟು 900 ಸುತ್ತು, 9,000 ಟಿಕೆಟ್. ತಲಾ 100 ರೂಪಾಯಿಯಂತೆ 9 ಲಕ್ಷ ರೂ. ಹುಟ್ಟುವಳಿ. ಖರ್ಚಿನ ಕಡೆ ಇಬ್ಬರು ಸಿಬ್ಬಂದಿಗೆ ತಿಂಗಳಿಗೆ 18,000 ರೂಪಾಯಿಯಂತೆ ವರ್ಷಕ್ಕೆ 4.32 ಲಕ್ಷ, ಇಂಧನ ಸುತ್ತಿಗೆ 250 ರೂಪಾಯಿಯಂತೆ 2.25 ಲಕ್ಷ, ವಿಮೆ, ತಪಾಸಣೆ, ಜೀವರಕ್ಷಕ ಅಂಗಿ, ದುರಸ್ತಿ 1.20 ಲಕ್ಷ, ಪರವಾನಗಿ ಮತ್ತು ನೆಲಬಾಡಿಗೆ 1 ಲಕ್ಷ. ಕೂಡಿದರೆ 8.77 ಲಕ್ಷ. ಉಳಿದುದು 23 ಸಾವಿರ. ದೋಣಿಯ ಬೆಲೆಯ ಮೇಲಿನ ಬಡ್ಡಿಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಬರ ಬಂದು ಓಡುವ ದಿನಗಳು 60ಕ್ಕೆ ಇಳಿದರೆ ಹುಟ್ಟುವಳಿ 3.60 ಲಕ್ಷ, ಖರ್ಚು 7.42 ಲಕ್ಷ.

ಈ ಕೊರತೆಯ ಒತ್ತಡದಲ್ಲಿಯೇ ಅಪಾಯದ ಬೀಜವಿದೆ. ನಷ್ಟದಲ್ಲಿರುವ ದೋಣಿಯವನು ಇಪ್ಪತ್ತು ಆಸನಕ್ಕೆ ನಲವತ್ತು ಜನರನ್ನು ಹತ್ತಿಸುತ್ತಾನೆ, ಅಂಗಿ ಕೊಳ್ಳುವುದನ್ನು ಮುಂದೂಡುತ್ತಾನೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹೇರಿಕೊಂಡ ವಿಹಾರದೋಣಿ ಮಗುಚಿ 22 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ವಡೋದರಾ ನಗರದ ಹರಣಿ ಕೆರೆಯಲ್ಲಿ ಪ್ರವಾಸಕ್ಕೆ ಬಂದಿದ್ದ ಶಾಲೆಯ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಮುಳುಗಿದರು. ನಮ್ಮ ಕಾರವಾರದಲ್ಲಿಯೂ 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯ ದುರಂತ ನಡೆದಿದೆ. ಈ ಘಟನೆಗಳನ್ನು ಬೆದರಿಸಲೆಂದು ಬರೆಯುತ್ತಿಲ್ಲ. ಟೆಂಡರಿನಲ್ಲಿ ಅತಿ ಹೆಚ್ಚು ನೆಲಬಾಡಿಗೆ ಕೂಗಿದವನಿಗೆ ದೋಣಿ ಕೊಡುವ ಪದ್ಧತಿ ಇರುವವರೆಗೆ ಈ ಒತ್ತಡವೂ ಇರುವುದೆಂಬುದನ್ನು ನಮ್ಮ ವರ್ತಕರು ಬಲ್ಲರು. ದೋಣಿಯನ್ನು ಲಾಭಕ್ಕಲ್ಲದೆ ಆಕರ್ಷಣೆಗಾಗಿ ಇಟ್ಟು, ಅದರ ಕೊರತೆಯನ್ನು ವಾಹನ ನಿಲುಗಡೆ ಮತ್ತು ಅಂಗಡಿ ಬಾಡಿಗೆಯಿಂದ ತುಂಬುವ ಏರ್ಪಾಡು ಹೆಚ್ಚು ಕ್ಷೇಮ.

ಕಾನೂನಿನ ಸ್ಥಿತಿ ಹೀಗಿದೆ. 1917ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಯಂತ್ರದೋಣಿಗೆ ನೋಂದಣಿ, ತಪಾಸಣಾ ಪತ್ರ, ಸಿಬ್ಬಂದಿಗೆ ಅರ್ಹತಾ ಪತ್ರ, ವಿಮೆ ಇವೆಲ್ಲ ಅವಶ್ಯ. ಯಂತ್ರವಿಲ್ಲದ ಹರಿಗೋಲು, ತೆಪ್ಪಗಳನ್ನು ದಾಖಲಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಹಿನ್ನೀರಿನಲ್ಲಿ ಬಲೆ ಬೀಸುವ ಮೀನುಗಾರನ ಹರಿಗೋಲನ್ನು ಆತನ ಹೆಸರಿನಲ್ಲಿ ಮೊದಲು ದಾಖಲಿಸಿ, ಆತನ ಬಲೆಯ ಜಾಗವನ್ನು ಗುರುತಿಸಿದ ಮೇಲೆ ವಿಹಾರದೋಣಿಯ ಮಾರ್ಗವನ್ನು ಎಳೆಯುವುದು ಸರಿಯಾದ ಕ್ರಮ. ಅಲ್ಲದೆ ಇದು ಚಿತ್ರದುರ್ಗ, ಹಿರಿಯೂರು ಪಟ್ಟಣಗಳು ಕುಡಿಯುವ ನೀರು. ಎಣ್ಣೆ ಸೋರುವ ಹಳೆಯ ಇಂಜಿನ್ನುಗಳಿಗೆ ಇಲ್ಲಿ ಜಾಗವಿಲ್ಲ.

ದಾರಿ

ತೀರಕ್ಕೆ ದಾರಿ ಎಂದೊಡನೆ ಚತುಷ್ಪಥ ರಸ್ತೆಯನ್ನು ಕೇಳುವ ಅಭ್ಯಾಸ ನಮ್ಮಲ್ಲಿದೆ. ದೊಡ್ಡ ರಸ್ತೆಗಳು ಈಗಾಗಲೇ ಇವೆ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರನ್ನು ಮುಟ್ಟುತ್ತದೆ. 150ಎ ಹೆದ್ದಾರಿ ಹಿರಿಯೂರು, ಹುಳಿಯಾರುಗಳ ಮೇಲೆ ಮೈಸೂರಿನ ಕಡೆಗೆ ಸಾಗುತ್ತದೆ. 173ನೇ ಹೆದ್ದಾರಿ ಚಿಕ್ಕಮಗಳೂರು, ಕಡೂರು, ಹೊಸದುರ್ಗಗಳನ್ನು ಹೊಳಲ್ಕೆರೆಗೆ ಜೋಡಿಸುತ್ತದೆ. ರೈಲಿನಲ್ಲಿ ಬರುವವರಿಗೆ ಹೊಸದುರ್ಗ ರೋಡ್ ನಿಲ್ದಾಣವಿದೆ. ಕೊರತೆಯಿರುವುದು ಕೊನೆಯ ಮೂರು ನಾಲ್ಕು ಕಿಲೋಮೀಟರುಗಳಲ್ಲಿ: ಹಳ್ಳಿಯಿಂದ ನೀರಿನವರೆಗೆ.

ಆ ದಾರಿಗಳನ್ನು ಹೊಸದಾಗಿ ಭೂಸ್ವಾಧೀನ ಮಾಡಿ ಕಡಿಯಬೇಕಾಗಿಲ್ಲ. ಪ್ರತಿ ಗ್ರಾಮದ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ, ದನಕರು ನೀರಿಗಿಳಿಯುವ ಓಣಿಗಳು ಚುಕ್ಕೆಗೆರೆಗಳಲ್ಲಿ ಗುರುತಾಗಿವೆ. ಪಹಣಿಯಲ್ಲಿ ಖರಾಬು ಎಂದು ನಮೂದಾಗಿವೆ. ಅರ್ಧಕ್ಕರ್ಧ ಒತ್ತುವರಿಯಾಗಿರಬಹುದು, ಆದರೆ ಹಕ್ಕು ಅಳಿದಿಲ್ಲ. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ಉದ್ದಕ್ಕೂ 184 ಮೈಲಿಗಳ ಕಾಲುದಾರಿಯೊಂದು 1996ರಲ್ಲಿ ತೆರೆಯಿತು. ಅದರ ಬಹುಭಾಗ ಹೊಸದಲ್ಲ. ಹಿಂದೆ ಕುದುರೆಗಳು ಹಗ್ಗ ಕಟ್ಟಿ ಸರಕಿನ ದೋಣಿಗಳನ್ನು ಎಳೆಯುತ್ತಿದ್ದ ದಡದ ಜಾಡೇ ಸಾರ್ವಜನಿಕ ನಡಿಗೆಗೆ ಬಂದಿತು. ನಮ್ಮ ಬಂಡಿಜಾಡಿಗೂ ಅದೇ ಗತಿ ಕಾಣಿಸಬಹುದು. ಅದನ್ನು ಬಿಡಿಸಿಕೊಂಡು, ಎರಡೂ ಬದಿ ಹೊಂಗೆ, ಬೇವು ನೆಟ್ಟರೆ ಸಾಕು, ಡಾಂಬರೂ ಬೇಡ.

ಸೇತುವೆಯ ವಿಷಯದಲ್ಲಿ ಎರಡು ನೆನಪುಗಳನ್ನು ಹೇಳಬೇಕು. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು; ಕೆಲಸಗಾರರ ಪ್ರಾಣಹಾನಿಯಾಯಿತು. ಹಂಪಿಯ ಪಾರಂಪರಿಕ ವಲಯದಲ್ಲಿ ಆ ಸೇತುವೆ ಬೇಕೇ ಎಂಬ ಚರ್ಚೆ ಮೊದಲಿನಿಂದಲೂ ಇದ್ದಿತು. ಶರಾವತಿಯ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆದಾಗ ದ್ವೀಪದಂತಿದ್ದ ಹಳ್ಳಿಗಳ ಅರುವತ್ತು ವರ್ಷಗಳ ಬೇಡಿಕೆ ಈಡೇರಿತು. ಆಸ್ಪತ್ರೆಗೆ ಹೋಗಬೇಕಾದವನಿಗೆ ಅದು ವರ. ಆದರೆ ಸಿಗಂದೂರಿನ ಲಾಂಚಿಗಾಗಿ ಜನ ಕಾಯುತ್ತಿದ್ದ ಹೊತ್ತೇ ದಡದ ಅಂಗಡಿಯವನ ವ್ಯಾಪಾರದ ಹೊತ್ತಾಗಿತ್ತು. ದಾರಿ ಬದಲಾದರೆ ಜನರು ನಿಲ್ಲುವ ಸ್ಥಳ ಬದಲಾಗುತ್ತದೆ. ನಿಲ್ಲುವ ಸ್ಥಳ ಬದಲಾದರೆ ಪೇಟೆ ಬದಲಾಗುತ್ತದೆ. ಆದ್ದರಿಂದ ಪ್ರತಿ ದಾರಿಯ ನಕ್ಷೆಯ ಮೇಲೆ, ಈಗ ಜನ ನಿಲ್ಲುವ ಜಾಗ ಯಾವುದು, ಮುಂದೆ ಯಾವುದಾಗುವುದು ಎಂಬ ಎರಡು ಚುಕ್ಕೆಗಳನ್ನು ಇಡುವ ಪದ್ಧತಿಯನ್ನು ವಾಣಿಜ್ಯ ಸಂಸ್ಥೆಗಳಾದರೂ ರೂಢಿಸಿಕೊಳ್ಳಬೇಕು.

ಅನ್ಯರ ಅನುಭವ

ನದಿತೀರ ಅಭಿವೃದ್ಧಿ ಎಂದರೆ ಎಲ್ಲರೂ ಅಹಮದಾಬಾದಿನ ಸಾಬರಮತಿಯನ್ನು ಹೆಸರಿಸುತ್ತಾರೆ. ಅದಕ್ಕಾಗಿಯೇ 1997ರಲ್ಲಿ ಪ್ರತ್ಯೇಕ ಕಂಪನಿ ರಚಿತವಾಯಿತು, 2005ರಲ್ಲಿ ಕಾಮಗಾರಿ ಪ್ರಾರಂಭವಾಯಿತು, 2012ರಲ್ಲಿ ನಡಿಗೆಯ ದಾರಿ ಜನರಿಗೆ ತೆರೆಯಿತು. ಎರಡೂ ದಡಗಳಲ್ಲಿ ಹನ್ನೊಂದು ಕಿಲೋಮೀಟರಿಗೂ ಮಿಕ್ಕ ಉದ್ದ. ಚರಂಡಿಗಳನ್ನು ನದಿಗೆ ಸೇರದಂತೆ ದಡದ ಉದ್ದಕ್ಕೂ ಕೊಳವೆಯಲ್ಲಿ ತಡೆದು ಒಯ್ದುದು ಅದರಲ್ಲಿ ಅನುಕರಿಸತಕ್ಕ ಅಂಶ. ಆದರೆ ಅಲ್ಲಿ ನಿಂತು ಕಾಣುವ ನೀರು ನರ್ಮದೆಯ ನಾಲೆಯದು. ನದಿಯ ಸ್ವಂತದ್ದು ಕಡಿಮೆ. ದಡದ ಸಾವಿರಾರು ಗುಡಿಸಲು ಕುಟುಂಬಗಳು ದೂರದ ವಸತಿಗಳಿಗೆ ಹೋಗಬೇಕಾಯಿತು. ಶತಮಾನಗಳಿಂದ ನಡೆಯುತ್ತಿದ್ದ ಭಾನುವಾರದ ಗುಜರಿ ಬಜಾರಿನ ವ್ಯಾಪಾರಿಗಳು ತಮ್ಮ ಜಾಗಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ನಕ್ಷೆಯಲ್ಲಿ ಅವರಿಗೆ ಸ್ಥಳ ದೊರೆಯಿತು. ನಮ್ಮ ಸಂತೆ ವ್ಯಾಪಾರಿಗಳು ಕಲಿಯಬೇಕಾದ ಪಾಠವೇನೆಂದರೆ, ನಕ್ಷೆ ಅಂತಿಮವಾಗುವ ಮೊದಲೇ ಅದರಲ್ಲಿ ಇರಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ಪ್ರದೇಶದಲ್ಲಿ ಅದಕ್ಕೆ ಆಧಾರವನ್ನು ಒದಗಿಸಿದೆ.

ಇನ್ನು ನಮ್ಮದೇ ರಾಜ್ಯದ ವಿರೂಪಾಪುರ ಗಡ್ಡೆ. ಹಂಪಿಯ ಎದುರಿನ ಆ ನಡುಗಡ್ಡೆಯಲ್ಲಿ ಹೊಲಗಳ ನಡುವೆ ಒಂದೊಂದಾಗಿ ತಂಗುಮನೆಗಳು ಎದ್ದವು. ವಿದೇಶೀಯರು ಬಂದರು, ವ್ಯಾಪಾರ ಕುದುರಿತು, ಯಾರೂ ನಿಯಮವನ್ನು ಕೇಳಲಿಲ್ಲ. ಕೇಳಿದವರಿಗೆ ಉತ್ತರ ದೊರೆಯಲಿಲ್ಲ. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು, ಮಾರ್ಚ್ ತಿಂಗಳಲ್ಲಿ ಅವೆಲ್ಲ ನೆಲಸಮವಾದವು. ಬಂಡವಾಳ ಹೂಡಿದವರಲ್ಲಿ ಸಾಲ ಮಾಡಿದ ಸಣ್ಣವರೂ ಇದ್ದಿರಬೇಕು. ವಲಯದ ನಿಯಮವನ್ನು ಕಾಲದಲ್ಲಿ ಸಾರಿ ಹೇಳದ ಆಡಳಿತ, ಅದನ್ನು ವಿಚಾರಿಸದ ಹೂಡಿಕೆ ಎರಡೂ ಕೂಡಿದರೆ ಫಲ ಹೀಗೆಯೇ. ಹಿನ್ನೀರಿನ ದಡದಲ್ಲಿ ಈಗಲೇ ಜಮೀನು ಹುಡುಕುತ್ತಿರುವವರು ಇದನ್ನು ಗಮನಿಸುವುದು ಒಳಿತು.

ಪೇಟೆಯ ಪುನಶ್ಚೇತನ: ಶ್ರೀರಾಂಪುರಕ್ಕೆ ಏನು?

ಶ್ರೀರಾಂಪುರ ನದಿಯ ದಡದಲ್ಲಿಲ್ಲ. ಹೊಸದುರ್ಗ–ಹುಳಿಯಾರು ದಾರಿಯ ಮೇಲಿನ ಹೋಬಳಿ ಪೇಟೆ ಅದು. ತೆಂಗು, ಅಡಿಕೆ, ರಾಗಿ, ದಾಳಿಂಬೆ, ಕುರಿ ಇವುಗಳ ಮೇಲೆ ನಿಂತ ವ್ಯಾಪಾರ. ಒಳ್ಳೆಯ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ; ಅದರ ಲಾಭದ ಪಾಲು ಅಲ್ಲಿಯೇ ನಿಲ್ಲುತ್ತದೆ. ವಿಹಾರಕ್ಕೆ ಬರುವ ಜನ ನೇರವಾಗಿ ಶ್ರೀರಾಂಪುರಕ್ಕೆ ಬರುವರೆಂದು ನಿರೀಕ್ಷಿಸುವುದು ಸಾಧುವಲ್ಲ. ಆದರೆ ಕಟ್ಟೆಯಲ್ಲಿ ಬರಿದಾದ ಆ ಎಳನೀರಿನ ಗಾಡಿಗಳನ್ನು ನೆನೆದುಕೊಳ್ಳಿ. ವಿಹಾರಸ್ಥಳ ತಿನ್ನುವ, ಕುಡಿಯುವ, ಕೊಂಡೊಯ್ಯುವ ಪದಾರ್ಥ ಎಲ್ಲಿಂದ ಬರಬೇಕು? ಎಳನೀರು, ಕೊಬ್ಬರಿ ಮಿಠಾಯಿ, ರಾಗಿ ಹುರಿಹಿಟ್ಟು, ದಾಳಿಂಬೆ ಹಣ್ಣು, ತೆಂಗಿನ ನಾರಿನ ವಸ್ತು, ಕಂಬಳಿ ಇವು ಹೋಬಳಿಯಲ್ಲಿಯೇ ದೊರೆಯತಕ್ಕವು ಅಥವಾ ತಯಾರಿಸಬಹುದಾದವು. ಕಟ್ಟೆಯ ಬಳಿಯ ಮಳಿಗೆಗಳಲ್ಲಿ ಒಂದಿಷ್ಟು ಪಾಲನ್ನು ಜಲಾನಯನದ ಹೋಬಳಿಗಳ ಸ್ತ್ರೀಶಕ್ತಿ ಸಂಘಗಳಿಗೂ ಸಹಕಾರ ಸಂಘಗಳಿಗೂ ಮೀಸಲಿಡಬೇಕೆಂದು ಕೇಳುವುದು ಶ್ರೀರಾಂಪುರದವರ ಮೊದಲ ಬೇಡಿಕೆಯಾಗಬೇಕು, ದೋಣಿಯಲ್ಲ.

ಎರಡನೆಯದು, ಪ್ರವಾಸಿಯನ್ನು ಒಂದು ರಾತ್ರಿ ನಿಲ್ಲಿಸುವುದು. ಕಟ್ಟೆಯನ್ನು ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಹಾಗೆ ನೋಡಿದವನು ಬೆಂಗಳೂರಿಗೆ ಹೋಗಿ ಊಟ ಮಾಡುತ್ತಾನೆ. ಹೊಸದುರ್ಗ ತಾಲ್ಲೂಕಿನಲ್ಲಿ ಅವನನ್ನು ಹಿಡಿದು ನಿಲ್ಲಿಸುವ ವಸ್ತುಗಳಿಗೆ ಕೊರತೆಯಿಲ್ಲ. ಬಾಗೂರಿನ ಚೆನ್ನಕೇಶವ, ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ, ನದಿದಡದ ಕೆಲ್ಲೋಡಿನ ಆಂಜನೇಯ, ಹಾಲುರಾಮೇಶ್ವರ, ಗವಿರಂಗಾಪುರದ ಬೆಟ್ಟ ಒಂದೊಂದೂ ಅರ್ಧ ದಿನದ ಹಾದಿ. ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದ್ದು, ಪ್ರತಿವರ್ಷದ ನಾಟಕೋತ್ಸವಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬಂದು ದಿನಗಟ್ಟಲೆ ನಿಲ್ಲುತ್ತಾರೆ. ಹಳ್ಳಿಯೊಂದು ಜನರನ್ನು ಹೇಗೆ ನಿಲ್ಲಿಸಬಲ್ಲುದು ಎಂಬುದಕ್ಕೆ ಸಾಬರಮತಿಯವರೆಗೆ ಹೋಗದೆ ಸಾಣೇಹಳ್ಳಿಯನ್ನು ನೋಡಿದರೂ ಆದೀತು. ಹಿನ್ನೀರಿಗೆ ಸೇರಿದ ಮತ್ತೋಡಿನ ಕಥೆ ವರ್ತಕರಿಗೆ ಇನ್ನೂ ಹತ್ತಿರದ್ದು. 1800–01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಗಾಜಿನ ಬಳೆಯ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಸೌಳುಮಣ್ಣಿನಿಂದ ಬಳೆ ಮಾಡಿ ಮಾರಿದ ಊರಿನಲ್ಲಿ ಇಂದು ಆ ಉದ್ಯೋಗದ ಗುರುತಾಗಿ ಒಂದು ಫಲಕವಾದರೂ ಇರಬೇಕಾಗಿತ್ತು.

ಮೂರನೆಯದು ಸ್ವಲ್ಪ ಅಪ್ರಿಯವಾದ ಮಾತು. ತೀರದ ಸೊಗಸು ಮೇಲಿನ ಊರುಗಳ ಚರಂಡಿಯನ್ನು ಅವಲಂಬಿಸಿದೆ. ಹೊಸದುರ್ಗ ಪಟ್ಟಣದ ಕೊಳಚೆ, ಹೋಬಳಿ ಪೇಟೆಗಳ ಪ್ಲಾಸ್ಟಿಕ್ ಚೀಲ, ನದಿಪಾತ್ರದಿಂದ ಎತ್ತುವ ಮರಳು ಇವುಗಳ ಲೆಕ್ಕವೆಲ್ಲ ಕೊನೆಗೆ ಬಂದು ನಿಲ್ಲುವುದು ಹಿನ್ನೀರಿನಲ್ಲಿಯೇ. ಮರಳೆತ್ತಿದ ಪಾತ್ರದಲ್ಲಿ ಮಡುಗಳು ಉಳಿಯವು, ಮಡುಗಳಿಲ್ಲದಿದ್ದರೆ ದಡದ ಬಾವಿ ಬತ್ತುವುದು. ನಮ್ಮ ಅಂಗಡಿಯ ಮುಂದಿನ ಕಸ ಯಾರ ಹಳ್ಳಕ್ಕೆ ಹೋಗುತ್ತದೆಂಬುದನ್ನು ವರ್ತಕರ ಸಂಘವು ತಾನೇ ಮೊದಲು ವಿಚಾರಿಸಿಕೊಂಡರೆ, ಸರ್ಕಾರಕ್ಕೆ ಕೊಡುವ ಮನವಿಗೆ ತೂಕ ಬರುವುದು.

ಯಾರು, ಯಾವ ಕ್ರಮದಲ್ಲಿ

ಈ ಒಂದು ದಡಕ್ಕೆ ಒಡೆಯರು ಅನೇಕರು. ನೀರು ಜಲಸಂಪನ್ಮೂಲ ಇಲಾಖೆಯ ನಿಗಮದ್ದು, ಮೀನು ಮೀನುಗಾರಿಕೆ ಇಲಾಖೆಯದು, ಬೆಟ್ಟ ಅರಣ್ಯ ಇಲಾಖೆಯದು, ರಸ್ತೆ ಲೋಕೋಪಯೋಗಿಯವರದು, ಖರಾಬು ಕಂದಾಯದವರದು, ಅಂಗಡಿ ಪಂಚಾಯಿತಿಯದು. ಮೇಲಾಗಿ ಎರಡು ತಾಲ್ಲೂಕುಗಳು. ಇವರೆಲ್ಲರನ್ನು ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲಾಧಿಕಾರಿಗಳೊಬ್ಬರೇ. ಸಮಿತಿ ಜಿಲ್ಲಾ ಮಟ್ಟದ್ದಾಗಿ, ಹೊಸದುರ್ಗ ಮತ್ತು ಹಿರಿಯೂರುಗಳ ರೈತರು, ಮೀನುಗಾರರು, ವರ್ತಕರು ಸಮಸಂಖ್ಯೆಯಲ್ಲಿರುವುದು ಅಗತ್ಯ. ಹಿರಿಯೂರಿನಲ್ಲಿ ಮಾತ್ರ ಸಭೆ ನಡೆದರೆ ಹಿನ್ನೀರಿನವರು ಅದನ್ನು ಕೋಡಿಯ ಜಗಳದ ಮುಂದುವರಿಕೆಯೆಂದೇ ತಿಳಿಯುವರು.

ಕ್ರಮದಲ್ಲಿ ಮೊದಲು ಗಡಿಕಲ್ಲು. 130 ಅಡಿಯ ಗೆರೆಯನ್ನು ಹಿನ್ನೀರಿನ ಉದ್ದಕ್ಕೂ ಭೂಮಾಪಕರಿಂದ ಅಳೆಸಿ, ಹಳ್ಳಿಯವರ ಎದುರಿನಲ್ಲಿ ಕಲ್ಲು ನೆಡಿಸಿ, ಕಲ್ಲಿನ ಒಳಗೆ ಬರುವ ಪಟ್ಟಾ ಜಮೀನು ಎಷ್ಟು, ಸಾಗುವಳಿ ಚೀಟಿ ಎಷ್ಟು, ಬರಿಯ ಒತ್ತುವರಿ ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಪರಿಹಾರದ ಮೊತ್ತ ಆಗ ಮಾತ್ರ ಲೆಕ್ಕಕ್ಕೆ ಸಿಗುವುದು. ಕೋಡಿ ತಗ್ಗಿಸುವುದರ ಬೆಲೆ ಹೆಚ್ಚೋ, ಪರಿಹಾರ ಕೊಡುವುದರ ಬೆಲೆ ಹೆಚ್ಚೋ ಎಂಬುದನ್ನು ತೂಗಿ ನೋಡಲೂ ಆಗ ಮಾತ್ರ ಸಾಧ್ಯ. ಆ ಬಳಿಕ ನಕಾಶೆ ದಾರಿಗಳ ಬಿಡುಗಡೆ. ಆ ಬಳಿಕ ಕುಡಿಯುವ ನೀರು, ಶೌಚಾಲಯ, ನೆರಳು. ಮಳಿಗೆ ಹಂಚಿಕೆ ಇದರ ನಂತರ. ದೋಣಿ ಕೊನೆಗೆ.

ಕಲ್ಲು ನೆಡಲು ತಕ್ಕ ಕಾಲ, ಮಟ್ಟ ಸ್ವಲ್ಪವೇ ಇಳಿದು ತುಂಬಿದ ನೀರಿನ ಗುರುತು ಇನ್ನೂ ತೆಂಗಿನ ಬುಡಗಳ ಮೇಲೆ ಒಣಗಿ ಕಾಣುತ್ತಿರುವ ಬೇಸಿಗೆಯ ಮೊದಲ ತಿಂಗಳುಗಳು. ಎರಡು ಬೇಸಿಗೆ ಕಳೆದರೆ ಆ ಗುರುತು ಅಳಿಯುತ್ತದೆ, ಬೇಲಿಗಳು ಮತ್ತೆ ಮುಂದೆ ಬರುತ್ತವೆ. ಆದ್ದರಿಂದ ಹೋಬಳಿಯ ವರ್ತಕರು ಮುಂದಿನ ಮನವಿಯಲ್ಲಿ ಬೇರೆ ಏನನ್ನೂ ಬರೆಯದೆ, ಈ ಅಳತೆಯೊಂದನ್ನೇ ದಿನಾಂಕ ಸಹಿತ ಕೇಳುವುದು ಸೂಕ್ತ.